ಘಾಟಿ ಲೆಕ್ಕ ಹಾಕದೆ ಡೆತ್ ವ್ಯಾಲಿಗೆ ಹೊರಟಾಗ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಅಲ್ಲಿನ ಮರುಭೂಮಿ ಪಾರ್ಕ್ ಡೆತ್ ವ್ಯಾಲಿಗೆ ನಾನು ಹಾಕಿದ್ದ ಪ್ಲಾನಿನಲ್ಲಿ ಬರೀ ಮೈಲಿಗಳಿದ್ದವು. ದಿನಕ್ಕೆ ಇಷ್ಟು ಮೈಲಿ, ಇಷ್ಟು ಗಂಟೆ, ಅಷ್ಟೇ. ಹಾಸನದಿಂದ ಬಂದಿದ್ದ ಅಪ್ಪ ಅದನ್ನು ನೋಡಿ, "ಘಾಟಿ ಎಲ್ಲೆಲ್ಲಿ ಬರುತ್ತೆ ಅಂತ ಬರ್ದೇ ಇಲ್ವಲ್ಲೋ" ಎಂದರು. ಇಪ್ಪತ್ತು ವರ್ಷ ಶಿರಾಡಿಯಲ್ಲಿ ಲಾರಿ ಓಡಿಸಿದವರು. ನಾನು ನಕ್ಕು ಸುಮ್ಮನಾದೆ.

ಹೊರಟಿದ್ದು ಅಕ್ಟೋಬರ್ ಕೊನೆಗೆ. ಬೇಸಿಗೆಯಲ್ಲಿ ಅಲ್ಲಿಗೆ ಹೋಗಲೇಬಾರದು. 1913ರ ಜುಲೈನಲ್ಲಿ ಅಲ್ಲಿನ ಫರ್ನೆಸ್ ಕ್ರೀಕ್‌ನಲ್ಲಿ 56.7 ಡಿಗ್ರಿ ದಾಖಲಾಗಿದೆ. ಹಾಗಂತ ತೀರಾ ತಡ ಮಾಡಿದರೆ ನಾವು ಹೋಗಬೇಕಿದ್ದ ಯೊಸೆಮಿಟಿ ಪಾರ್ಕಿನ ಟಿಯೋಗಾ ರಸ್ತೆ ಹಿಮಕ್ಕೆ ಮುಚ್ಚಿಹೋಗುತ್ತದೆ.

ಆ ರಸ್ತೆ ಬೆಟ್ಟಸಾಲು ದಾಟುವ ಜಾಗ, ಟಿಯೋಗಾ ಪಾಸ್, 3,031 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ಕೈ ಮರಗಟ್ಟುವ ಚಳಿ. ಚಿಪ್ಸ್ ಪ್ಯಾಕೆಟ್‌ಗಳು ಬಲೂನಿನಂತೆ ಉಬ್ಬಿದ್ದವು. ಅಪ್ಪ ಬಾಟಲಿ ನೀರು ಪೂರ್ತಿ ಕುಡಿದು, ಮುಚ್ಚಳ ಬಿಗಿದು ಸೀಟಿನಡಿ ಎಸೆದರು.

ಅಲ್ಲಿಂದ ಇಳಿದರೆ 395 ಹೆದ್ದಾರಿ. ಮೋನೋ ಕೆರೆ ದಾಟಿ ಸ್ವಲ್ಪ ಹೊತ್ತಿಗೆ ರಸ್ತೆ ಲಾಂಗ್ ವ್ಯಾಲಿಯೊಳಗೆ ಸಾಗುತ್ತದೆ. ಸುಮಾರು 7.6 ಲಕ್ಷ ವರ್ಷದ ಹಿಂದೆ ಜ್ವಾಲಾಮುಖಿ ಸಿಡಿದು ನೆಲವೇ ಕುಸಿದ ಜಾಗ ಅದು. ಎಷ್ಟು ದೊಡ್ಡದೆಂದರೆ, ಒಳಗಿದ್ದೇವೆ ಅಂತಲೇ ಗೊತ್ತಾಗಲ್ಲ. ಲೋನ್ ಪೈನ್‌ನಲ್ಲಿ ಟ್ಯಾಂಕ್ ತುಂಬಿಸಿದೆ. ಪಾರ್ಕಿನೊಳಗೆ ಬಂಕ್‌ಗಳು ಕಡಿಮೆ, ದರ ಜಾಸ್ತಿ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕದಲ್ಲಿ ನೀರನ್ನೂ ತುಂಬಿಕೊಂಡೆವು. ಮ್ಯಾಪ್ ಫೋನಿಗೆ ಮೊದಲೇ ಇಳಿಸಿಕೊಂಡಿದ್ದೆ. ಮುಂದೆ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ.

ಘಾಟಿ ಶುರುವಾಗಿದ್ದು ಆಮೇಲೆ. ರಸ್ತೆ ಮೊದಲು ಪ್ಯಾನಮಿಂಟ್ ಕಣಿವೆಗೆ ಇಳಿಯುತ್ತದೆ. ಮತ್ತೆ 1,511 ಮೀಟರ್‌ನ ಟೌನ್ ಪಾಸ್‌ಗೆ ಏರು. ಎಂಜಿನ್ ಬಿಸಿ ಮುಳ್ಳು ಮೇಲೇರತೊಡಗಿದಾಗ ಎಸಿ ಆರಿಸಿ ಕಿಟಕಿ ಇಳಿಸಿದೆವು. ಪಾಸ್ ದಾಟಿದ ಮೇಲೆ ಇನ್ನೇನು ಇಳಿಜಾರು ತಾನೇ ಅಂದುಕೊಂಡೆ. ಅಲ್ಲೇ ತಪ್ಪಿದ್ದು. ಕೆಳಗೆ ಪಾರ್ಕಿನೊಳಗಿನ ಪುಟ್ಟ ಊರು ಸ್ಟೋವ್‌ಪೈಪ್ ವೆಲ್ಸ್ ಇರುವುದು ಹೆಚ್ಚುಕಮ್ಮಿ ಸಮುದ್ರಮಟ್ಟದಲ್ಲಿ. ಅಂದರೆ 27 ಕಿಲೋಮೀಟರಿನಲ್ಲಿ ಒಂದೂವರೆ ಸಾವಿರ ಮೀಟರ್ ಇಳಿತ! ರಸ್ತೆ ನೇರ ಇರುವುದರಿಂದ ಇಳಿಜಾರು ಕಣ್ಣಿಗೇ ಕಾಣಲ್ಲ. ಬ್ರೇಕಿನ ಮೇಲೆ ಕಾಲಿಟ್ಟೇ ಇದ್ದೆ. ಸುಟ್ಟ ವಾಸನೆ ಬಂತು.

"ನಿಲ್ಸು," ಎಂದರು ಅಪ್ಪ. ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಕಾದೆವು. "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳೀಬೇಕು ಕಣೋ."

"ಇದು ಆಟೋಮ್ಯಾಟಿಕ್ ಅಪ್ಪ, ಗೇರ್ ಇಲ್ಲ."

"ಹಾಗಾದ್ರೆ ಆ 'ಎಲ್' ಏನಕ್ಕೆ ಬರ್ದವ್ರೆ?"

ಮೂರು ವರ್ಷದಿಂದ ಓಡಿಸುತ್ತಿದ್ದ ಕಾರು. ಆ ಅಕ್ಷರ ಒಮ್ಮೆಯೂ ಮುಟ್ಟಿರಲಿಲ್ಲ. 'ಎಲ್'ಗೆ, ಅಂದರೆ ಲೋ ಗೇರ್‌ಗೆ, ಹಾಕಿದ ಮೇಲೆ ಎಂಜಿನ್ನೇ ಕಾರನ್ನು ಹಿಡಿದುಕೊಂಡಿತು. ಬ್ರೇಕ್ ಆಗಾಗ ಒತ್ತಿ ಬಿಟ್ಟರೆ ಸಾಕಾಯಿತು.

ಮರುದಿನ ಬ್ಯಾಡ್‌ವಾಟರ್‌ಗೆ ಹೋದೆವು. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ, ಕಣ್ಣು ಕುಕ್ಕುವ ಉಪ್ಪಿನ ಬಯಲು. ಸಮುದ್ರಮಟ್ಟ ಎಲ್ಲಿದೆ ಅಂತ ತೋರಿಸುವ ಬೋರ್ಡು ಬಂಡೆಯಲ್ಲಿ ತಲೆಯ ಮೇಲೆಲ್ಲೋ ಇದೆ. ಸೀಟಿನಡಿಯಿಂದ ಟಿಯೋಗಾದ ಬಾಟಲಿ ತೆಗೆದರೆ, ಯಾರೋ ಹಿಂಡಿ ಹಾಕಿದಂತೆ ನುಜ್ಜುಗುಜ್ಜಾಗಿತ್ತು. ಎತ್ತರದ ತೆಳು ಗಾಳಿ ತುಂಬಿದ್ದ ಬಾಟಲಿಯನ್ನು ಕೆಳಗಿನ ದಟ್ಟ ಗಾಳಿ ಒತ್ತಿತ್ತು. ಈ ಪಾರ್ಕುಗಳ ದಾರಿಯಲ್ಲಿ ಕಾರಿಗೂ ನಮ್ಮ ಕಿವಿಗೂ ಏನಾಗುತ್ತದೆ ಅಂತ ನನಗೆ ಸರಿಯಾಗಿ ತಿಳಿದಿದ್ದು ಆ ಬಾಟಲಿಯಿಂದಲೇ.

ಕೊನೆಗೆ ಉತ್ತರ ತುದಿಯ ಯುಬಿಹೀಬಿ ಕುಳಿ. ಬಿಸಿ ಶಿಲಾರಸ ಅಂತರ್ಜಲಕ್ಕೆ ತಾಗಿ, ಆವಿ ಹುಟ್ಟಿ ನೆಲ ಸಿಡಿದು ಆದದ್ದು. ಅಗಲ ಸುಮಾರು 800 ಮೀಟರ್, ಸುತ್ತ ಕಪ್ಪು ಕಿಟ್ಟ, ನಿಲ್ಲಲು ಬಿಡದ ಗಾಳಿ. ಅಪ್ಪ ಮಂಕಿ ಕ್ಯಾಪ್ ಎಳೆದುಕೊಂಡು, "ನಾ ಬರಲ್ಲ, ಇಳಿದಷ್ಟೂ ಹತ್ತಬೇಕು" ಎಂದರು. ನಾನು ಜಾರುತ್ತಾ ಹತ್ತೇ ನಿಮಿಷದಲ್ಲಿ ತಳ ಮುಟ್ಟಿದೆ. ಹತ್ತುವಾಗ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತಿತ್ತು. ಮುಕ್ಕಾಲು ಗಂಟೆ ಕಳೆದು ಏದುಸಿರು ಬಿಡುತ್ತಾ ಕಾರಿಗೆ ಬಂದರೆ, ಅಪ್ಪ ಕೋಡುಬಳೆ ಡಬ್ಬಿ ಖಾಲಿ ಮಾಡಿ ಆರಾಮಾಗಿ ನಿದ್ದೆ ಹೊಡೆಯುತ್ತಿದ್ದರು.