ಎಡರಟ್ಟೆಯ ಪಟ್ಟಿ: ಟಾರ್ಗೆಟ್ ಶೂಟಿಂಗ್‌ಗೆ ಸ್ಲಿಂಗ್ ಆರಿಸುವುದು ಹೇಗೆ?

50 ಮೀಟರ್ ರೈಫಲ್ ಸ್ಪರ್ಧೆಯ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. ಒಂದು ದೊಡ್ಡ ಕಾಬೂಲ್ ಕಡಲೆಕಾಳು ಅಂದುಕೊಳ್ಳಿ. ಆರೇಳು ಕಿಲೋ ತೂಗುವ ರೈಫಲ್ ಹಿಡಿದು, ಅಷ್ಟು ದೂರದ ಕಾಳಿಗೆ ಒಂದಲ್ಲ, ಅರವತ್ತು ಗುಂಡು ಹೊಡೆಯಬೇಕು. ಬರೀ ತೋಳಿನ ಬಲದಿಂದ ಆಗುವ ಕೆಲಸ ಅಲ್ಲ ಇದು. ಎಂಥ ಗಟ್ಟಿ ತೋಳಾದರೂ ಸ್ವಲ್ಪ ಹೊತ್ತಿಗೆ ನಡುಗುತ್ತದೆ. ಮೂಳೆ ದಣಿಯುವುದಿಲ್ಲ. ಬಿಗಿಯಾಗಿ ಎಳೆದು ಕಟ್ಟಿದ ಪಟ್ಟಿಯೂ ದಣಿಯುವುದಿಲ್ಲ. ಎಡರಟ್ಟೆಗೆ ಸುತ್ತಿಕೊಂಡು ರೈಫಲಿನ ಮುಂಭಾಗಕ್ಕೆ ಸಿಕ್ಕಿಸುವ ಈ ಪಟ್ಟಿಯೇ ಸ್ಲಿಂಗ್. ರೈಫಲಿನ ಭಾರವನ್ನು ತೋಳಿನಿಂದ ತೆಗೆದು ಮೂಳೆಗೂ ನೆಲಕ್ಕೂ ದಾಟಿಸುವುದು ಅದರ ಕೆಲಸ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಸ್ಪರ್ಧೆ) ಫೈನಲ್‌ನಲ್ಲಿ 451.4 ಅಂಕ ಗಳಿಸಿ ಕಂಚು ಗೆದ್ದರು. ಈ ವಿಭಾಗದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಒಲಿಂಪಿಕ್ಸ್ ಪದಕ ಅದು. ಆ ಫೈನಲ್ ಮತ್ತೆ ನೋಡುವ ಅವಕಾಶ ಸಿಕ್ಕರೆ ಮುಖ ಬಿಟ್ಟು ಎಡತೋಳನ್ನೇ ನೋಡಿ. ಮಂಡಿಯೂರಿದಾಗ ಪಟ್ಟಿ ಇರುತ್ತದೆ, ಮಲಗಿದಾಗ ಇರುತ್ತದೆ, ಎದ್ದು ನಿಂತಾಗ ಇರುವುದಿಲ್ಲ.

ಅಂಗಡಿಯವರು ಸ್ಲಿಂಗ್ ತೋರಿಸುವಾಗ ಬಣ್ಣ, ಬ್ರ್ಯಾಂಡ್, ಯಾವ ಚಾಂಪಿಯನ್ ಬಳಸುತ್ತಾರೆ ಎಂಬುದರಿಂದ ಶುರುಮಾಡುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ: ಮೊದಲ ಗುಂಡಿಗೆ ಹೇಗಿತ್ತೋ ಅರವತ್ತನೇ ಗುಂಡಿಗೂ ಹಾಗೇ ಇರುತ್ತದಾ? ಕೆಳಗೆ ಹೇಳಿರುವ ಪರೀಕ್ಷೆಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ.

ನಿಮಗೆ ಬೇಕಾ, ಅದನ್ನು ಮೊದಲು ನೋಡಿ

ನಮ್ಮ ಕಡೆ ಹೆಚ್ಚಿನ ಮಕ್ಕಳು ಶುರುಮಾಡುವುದು 10 ಮೀಟರ್ ಏರ್ ರೈಫಲ್‌ನಿಂದ. ಅಲ್ಲಿ ನಿಂತೇ ಹೊಡೆಯಬೇಕು, ಸ್ಲಿಂಗ್ ಬಳಸುವಂತಿಲ್ಲ. ಹಾಗಾಗಿ ಮಗ ಅಥವಾ ಮಗಳು ಇನ್ನೂ ಏರ್ ರೈಫಲ್‌ನಲ್ಲೇ ಇದ್ದರೆ ದುಡ್ಡು ಉಳಿಸಿಕೊಳ್ಳಿ. ಒಳ್ಳೆಯ ಜಾಕೆಟ್‌ಗೆ ಹಾಕಿ. 50 ಮೀಟರ್ ಸ್ಪರ್ಧೆಯ ಪಾಯಿಂಟ್ 22 ರೈಫಲ್‌ಗೆ ಬಂದು, ಮಲಗಿ ಹೊಡೆಯುವ ಪ್ರೋನ್ ಅಥವಾ ತ್ರೀ ಪೊಸಿಷನ್ಸ್ ಶುರುಮಾಡಿದಾಗಷ್ಟೇ ಸ್ಲಿಂಗ್ ಬೇಕು.

ಎನ್‌ಸಿಸಿಯಲ್ಲಿ ಪಾಯಿಂಟ್ 22 ಹೊಡೆದವರಿಗೆ ಇನ್ನೊಂದು ಮಾತು. ಅಲ್ಲಿ ರೈಫಲಿನ ಹಿಂದೆ ಮುಂದೆ ಎರಡೂ ಕಡೆ ಕಟ್ಟಿದ ಬಟ್ಟೆಯ ಪಟ್ಟಿ ಇರುತ್ತಿತ್ತು, ಹೆಗಲಿಗೆ ನೇತುಹಾಕಿಕೊಳ್ಳುವಂಥದ್ದು. ಸ್ಪರ್ಧೆಯ ಸ್ಲಿಂಗ್ ಅದಲ್ಲ. ಇದು ರೈಫಲಿಗೆ ಒಂದೇ ಕಡೆ ಸೇರುತ್ತದೆ, ಇನ್ನೊಂದು ತುದಿ ನಿಮ್ಮ ರಟ್ಟೆಯಲ್ಲಿರುತ್ತದೆ.

ನಿಯಮ ಇಷ್ಟು

ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್‌ಎಸ್‌ಎಫ್‌ನ ನಿಯಮದ ಪ್ರಕಾರ ಸ್ಲಿಂಗ್‌ನ ಅಗಲ 40 ಮಿಲಿಮೀಟರ್ ಮೀರಬಾರದು. ರಟ್ಟೆಯ ಮೇಲೆ ಮಾತ್ರ ಹಾಕಬೇಕು, ಅಲ್ಲಿಂದ ನೇರ ರೈಫಲಿನ ಮುಂಭಾಗದ ಒಂದೇ ಕೊಂಡಿಗೆ ಹೋಗಬೇಕು. ಅಂಗೈ ಅಥವಾ ಮಣಿಕಟ್ಟಿನ ಒಂದೇ ಬದಿಯಲ್ಲಿ ಹಾಯಬೇಕು. ಕೊಂಡಿ ಮತ್ತು ಹ್ಯಾಂಡ್ ಸ್ಟಾಪ್ (ಎಡಗೈ ಮುಂದಕ್ಕೆ ಜಾರದಂತೆ ರೈಫಲಿನ ಅಡಿಯಲ್ಲಿರುವ ತಡೆ) ಬಿಟ್ಟರೆ ರೈಫಲಿನ ಬೇರೆ ಯಾವ ಭಾಗಕ್ಕೂ ತಗಲಬಾರದು. ಕೊಳ್ಳುವಾಗ ಒಂದು ಸ್ಕೇಲ್ ಜೊತೆಗಿರಲಿ. ಬಕಲ್ ಇರುವಲ್ಲಿ, ಎರಡು ಪದರ ಸೇರುವಲ್ಲಿ ಕೂಡ ಅಳೆಯಿರಿ. ಪಂದ್ಯದ ದಿನ ಉಪಕರಣ ತಪಾಸಣೆಯ ಮೇಜಿನ ಮುಂದೆ ಗೊತ್ತಾಗುವುದಕ್ಕಿಂತ ಅಂಗಡಿಯಲ್ಲೇ ಗೊತ್ತಾಗುವುದು ಒಳ್ಳೆಯದು, ಅಲ್ವಾ?

ಹಿಗ್ಗದ ಪಟ್ಟಿ ಹುಡುಕಿ

ಸ್ಲಿಂಗ್‌ಗಳು ಮುಖ್ಯವಾಗಿ ಎರಡು ಬಗೆ: ಚರ್ಮದ್ದು, ಸಿಂಥೆಟಿಕ್‌ದು. ಚರ್ಮದ್ದು ಕೈಗೆ ಹಿತ. ರಟ್ಟೆಯ ಆಕಾರಕ್ಕೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಆದರೆ ಚರ್ಮ ಬೆವರು ಕುಡಿಯುತ್ತದೆ, ಒದ್ದೆಯಾದರೆ ಹಿಗ್ಗುತ್ತದೆ.

ಇದನ್ನು ನಾನು ಕಲಿತದ್ದು ಪಂದ್ಯದಲ್ಲೇ. ನನ್ನ ಮೊದಲ ಸ್ಲಿಂಗ್ ಚರ್ಮದ್ದು. ಕರಾವಳಿಯಲ್ಲಿ ಮಳೆಗಾಲದ ಪಂದ್ಯ, ದಪ್ಪ ಜಾಕೆಟ್, ಒಳಗೆಲ್ಲ ಬೆವರು. ಮೊದಲ ಇಪ್ಪತ್ತು ಗುಂಡು ಚೆನ್ನಾಗಿ ಬಿದ್ದವು. ಆಮೇಲೆ ಒಂದೊಂದೇ ಕೆಳಗಿಳಿಯತೊಡಗಿದವು. ನಾನು ಸೈಟನ್ನು, ಅಂದರೆ ಗುರಿ ನೋಡುವ ಸಾಧನವನ್ನು, ಮೇಲಕ್ಕೆ ತಿರುಗಿಸಿದೆ. ಸ್ವಲ್ಪ ಹೊತ್ತು ಸರಿಹೋಯಿತು, ಮತ್ತೆ ಇಳಿಯಿತು. ತಪ್ಪು ಸೈಟ್‌ನದ್ದಾಗಿರಲಿಲ್ಲ. ಪಟ್ಟಿ ಹಿಗ್ಗಿ ಸಡಿಲವಾಗಿತ್ತು, ಆ ಸಡಿಲವನ್ನು ನನ್ನ ತೋಳು ತುಂಬಿಸುತ್ತಿತ್ತು, ತೋಳು ಸೋಲುತ್ತಾ ಬಂದಂತೆ ರೈಫಲ್ ಇಳಿಯುತ್ತಿತ್ತು. ಸ್ಕೋರ್ ಕಾರ್ಡಿನ ಆ ಒಂಬತ್ತುಗಳನ್ನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ನನ್ನ ಸಲಹೆ ಸಿಂಥೆಟಿಕ್ ಕಡೆಗೆ. ಅದರಲ್ಲೂ ಹಿಗ್ಗದ ನೇಯ್ಗೆಯ ಮೇಲೆ ರಬ್ಬರ್‌ನಂಥ ಲೇಪ ಇರುವುದು. ನೀರು ಹೀರುವುದಿಲ್ಲ, ಒರೆಸಿದರೆ ಸಾಕು. ಒಣಹವೆಯ ಊರಿನವರು, ಚರ್ಮವನ್ನು ಇಷ್ಟಪಡುವವರು ಚರ್ಮದ್ದೇ ಕೊಳ್ಳಲಿ, ತೊಂದರೆ ಇಲ್ಲ. ಆದರೆ ದಪ್ಪವಾಗಿ, ಎರಡು ಪದರ ಹೊಲಿದಿದ್ದು ಇರಲಿ. ಬರೀ ನೈಲಾನ್ ಪಟ್ಟಿ ಅಗ್ಗಕ್ಕೆ ಸಿಗುತ್ತದೆ. ಬ್ಯಾಗಿನ ಪಟ್ಟಿಯ ಹಾಗೆ ಎಳೆದರೆ ಬರುವಂಥದ್ದಾದರೆ ಬೇಡ.

ಪರೀಕ್ಷೆ ಸುಲಭ. ಒಂದು ತುದಿಯನ್ನು ಕಾಲಿನಡಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಎರಡೂ ಕೈಯಿಂದ ಜೋರಾಗಿ ಮೇಲಕ್ಕೆಳೆಯಿರಿ. ಅರ್ಧ ನಿಮಿಷ ಹಾಗೇ ಹಿಡಿಯಿರಿ. ರಬ್ಬರ್‌ನಂತೆ ಕೊಂಚ ಕೊಂಚವೇ ಬಿಟ್ಟುಕೊಡುತ್ತಿದ್ದರೆ ವಾಪಸ್ ಇಡಿ. ಬಕಲ್ ಜಾರುತ್ತದಾ ಎಂಬುದೂ ಆಗಲೇ ಗೊತ್ತಾಗುತ್ತದೆ. ಪಟ್ಟಿ ಹಿಗ್ಗದಿದ್ದರೂ ಬಕಲ್ ಜಾರಿದರೆ ಫಲ ಒಂದೇ.

ರಟ್ಟೆಯ ಮೇಲೆ ಕೂರುವ ಭಾಗ

ಬಿಪಿ ನೋಡುವಾಗ ಡಾಕ್ಟರ್ ಪಟ್ಟಿ ಕಟ್ಟುವುದು ರಟ್ಟೆಗೇ. ಯಾಕೆಂದರೆ ಅದರ ಒಳಬದಿಯಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಸ್ಲಿಂಗ್ ಕೂರುವುದೂ ಅಲ್ಲೇ. ಪಟ್ಟಿ ಆ ನಾಳವನ್ನು ಒತ್ತಿದರೆ ನಿಮ್ಮ ನಾಡಿಬಡಿತ ಪಟ್ಟಿಯ ಮೂಲಕ ನೇರ ರೈಫಲಿಗೆ ಹೋಗುತ್ತದೆ. ಸೈಟ್‌ನಲ್ಲಿ ನೋಡಿದರೆ ಟಾರ್ಗೆಟ್ ಟಕ್ ಟಕ್ ಎಂದು ಕುಣಿಯುತ್ತಿರುತ್ತದೆ.

ಆದ್ದರಿಂದ ರಟ್ಟೆಯ ಭಾಗ ನಿಯಮ ಬಿಟ್ಟಷ್ಟು ಅಗಲವಾಗಿರಲಿ. ಅಗಲವಿದ್ದಷ್ಟೂ ಒತ್ತಡ ಹರಡಿಕೊಳ್ಳುತ್ತದೆ. ತೆಳ್ಳಗಿನ ಪಟ್ಟಿ ದಾರದ ಹಾಗೆ ಕುಯ್ಯುತ್ತದೆ. ಬಕಲ್, ಹೊಲಿಗೆಯ ಗಂಟು, ರಿವೆಟ್ ಯಾವುದೂ ಒಳಬದಿಗೆ ಬರಬಾರದು. ಎಳೆತ ರಟ್ಟೆಯ ಹೊರಬದಿಯಿಂದ ಹೊರಟು ಮುಂದಕ್ಕೆ ಹೋಗುವಂಥ ಜೋಡಣೆ ಒಳ್ಳೆಯದು. ಕೆಲವು ಸ್ಲಿಂಗ್‌ಗಳಲ್ಲಿ ಈ ಭಾಗ ನೇರ ಪಟ್ಟಿಯಾಗಿರದೆ ತೋಳಿನ ವಾಲಿಕೆಗೆ ತಕ್ಕಂತೆ ಬಾಗಿರುತ್ತದೆ. ಅಂಥದ್ದು ಚೆನ್ನಾಗಿ ಕೂರುತ್ತದೆ. ಆದರೆ ಅದರಲ್ಲಿ ಎಡ, ಬಲ ಎಂದು ಬೇರೆ ಬೇರೆ ಇರುತ್ತದೆ. ಎಡಗೈಯಲ್ಲಿ ಟ್ರಿಗರ್ ಒತ್ತುವ ಮಕ್ಕಳಿಗೆ ಪಟ್ಟಿ ಬಲರಟ್ಟೆಗೆ ಬರುತ್ತದೆ, ಕೇಳಿ ಕೊಳ್ಳಿ.

ಒಳಮೈ ಸ್ವಲ್ಪ ಒರಟಾಗಿರಬೇಕು. ನುಣುಪಾಗಿದ್ದರೆ ಜಾಕೆಟ್ ತೋಳಿನ ಮೇಲೆ ಜಾರಿ ಮೊಣಕೈ ಕಡೆ ಇಳಿಯುತ್ತದೆ. ಜಾಕೆಟ್‌ನ ಹೊರಗೆ, ತೋಳಿನ ಮೇಲೆ ಸ್ಲಿಂಗ್ ಜಾರದಂತೆ ಒಂದು ಕೊಕ್ಕೆ ಅಥವಾ ಲೂಪ್ ಇಟ್ಟುಕೊಳ್ಳಲು ನಿಯಮ ಬಿಡುತ್ತದೆ. ನಿಮ್ಮ ಜಾಕೆಟ್‌ನಲ್ಲಿ ಅದು ಎಲ್ಲಿದೆ ನೋಡಿಕೊಂಡು, ಸ್ಲಿಂಗ್ ಅಲ್ಲಿಗೆ ಸರಿಯಾಗಿ ಕೂರುತ್ತದಾ ನೋಡಿ. ಅಳತೆ ತೆಗೆಯುವುದೂ ಜಾಕೆಟ್ ಹಾಕಿಕೊಂಡೇ. ಬರಿತೋಳಿಗೆ ಸರಿಯಾದದ್ದು ಜಾಕೆಟ್ ಮೇಲೆ ಕೊನೆಯ ತೂತಿಗೂ ಬರುವುದಿಲ್ಲ.

ತೂತು ಮತ್ತು ನಂಬರ್

ಉದ್ದ ಬದಲಿಸುವ ತೂತುಗಳು ಹತ್ತಿರ ಹತ್ತಿರ ಇರಲಿ. ಒಂದು ತೂತಿಗೆ ಸಡಿಲ, ಮುಂದಿನದಕ್ಕೆ ಜೋಮು ಎನ್ನುವಂತಾದರೆ ನಡುವಿನ ಸರಿಯಾದ ಜಾಗ ನಿಮಗೆ ಎಂದೂ ಸಿಗುವುದಿಲ್ಲ. ತೂತುಗಳ ಪಕ್ಕ ನಂಬರ್ ಅಚ್ಚಾಗಿದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಪರ್ಮನೆಂಟ್ ಮಾರ್ಕರ್‌ನಿಂದ ನೀವೇ ಬರೆಯಿರಿ.

ತ್ರೀ ಪೊಸಿಷನ್ಸ್‌ನವರಿಗೆ ಇದು ಇನ್ನೂ ಮುಖ್ಯ. ಮಂಡಿಯೂರಿ 20, ಮಲಗಿ 20, ನಿಂತು 20. ಎಲ್ಲಕ್ಕೂ ಸೇರಿ ಒಂದೂವರೆ ಗಂಟೆ. ಭಂಗಿ ಬದಲಿಸುವ ಸಮಯವೂ ಅದರಲ್ಲೇ ಕಳೆಯುತ್ತದೆ. ಮಂಡಿಯೂರುವುದಕ್ಕೂ ಮಲಗುವುದಕ್ಕೂ ಪಟ್ಟಿಯ ಉದ್ದ ಬೇರೆ, ಹ್ಯಾಂಡ್ ಸ್ಟಾಪ್‌ನ ಜಾಗವೂ ಬೇರೆ. ಅಂದಾಜಿನ ಮೇಲೆ ಎಳೆದು ಕಟ್ಟುತ್ತಾ ಕೂತರೆ ಆಗುವುದಿಲ್ಲ. "ಮಂಡಿ 7, ಪ್ರೋನ್ 4" ಎಂದು ಡೈರಿಯಲ್ಲಿ ಇರಬೇಕು.

ಮುಂದಿನ ತುದಿಯ ಸ್ವಿವೆಲ್, ಅಂದರೆ ಹ್ಯಾಂಡ್ ಸ್ಟಾಪ್‌ಗೆ ಸಿಕ್ಕಿಸುವ ಕೊಂಡಿ, ನಿಮ್ಮ ರೈಫಲಿಗೆ ಹೊಂದುವಂಥದ್ದೇ ಇರಲಿ. ಒಂದು ಕೈಯಲ್ಲಿ, ಗ್ಲೌಸ್ ಹಾಕಿಕೊಂಡೇ ಬಿಚ್ಚಲು ಬರಬೇಕು. ಪಟ್ಟಿ ತಿರುಚಿಕೊಳ್ಳದೆ ಕೈಹಿಂಬದಿಯ ಮೇಲೆ ಚಪ್ಪಟೆಯಾಗಿ ಮಲಗಬೇಕು.

ಕೊಳ್ಳುವ ಮೊದಲು ಮಲಗಿ ನೋಡಿ

ಸಾಧ್ಯವಾದರೆ ಕ್ಲಬ್‌ನಲ್ಲಿ ಯಾರದ್ದಾದರೂ ಅದೇ ಮಾದರಿಯ ಸ್ಲಿಂಗ್ ಕೇಳಿ ಪಡೆದು ಒಂದು ದಿನ ಬಳಸಿ. ಶೂಟರ್‌ಗಳು ಇಂಥದ್ದಕ್ಕೆ ಇಲ್ಲ ಅನ್ನುವುದು ಕಡಿಮೆ. ರೈಫಲ್ ಖಾಲಿ, ಬೋಲ್ಟ್ ತೆರೆದಿದೆ, ಸೇಫ್ಟಿ ಫ್ಲ್ಯಾಗ್ (ಗುಂಡಿಲ್ಲ ಎಂದು ತೋರಿಸಲು ಸಿಕ್ಕಿಸುವ ಬಣ್ಣದ ಗುರುತು) ಒಳಗಿದೆ, ಬ್ಯಾರೆಲ್ ಟಾರ್ಗೆಟ್ ಕಡೆಗಿದೆ ಎಂದು ನೋಡಿಕೊಂಡ ಮೇಲೆ ಸ್ಲಿಂಗ್ ಸಿಕ್ಕಿಸಿ. ಸಿಕ್ಕಿಸುವ ಗಡಿಬಿಡಿಯಲ್ಲಿ ಬ್ಯಾರೆಲ್ ಪಕ್ಕಕ್ಕೆ ತಿರುಗುವುದನ್ನು ನಾನು ತುಂಬಾ ಸಲ ಕಂಡಿದ್ದೇನೆ. ಅದು ಆಗಕೂಡದು.

ಮಲಗಿ, ಬಟ್ ಪ್ಲೇಟ್, ಅಂದರೆ ರೈಫಲಿನ ಹಿಂತುದಿಯ ಫಲಕವನ್ನು, ಹೆಗಲಿಗೆ ತನ್ನಿ. ಈಗ ಎಡಗೈ ಬೆರಳುಗಳನ್ನು ಪೂರ್ತಿ ಬಿಚ್ಚಿ, ತೋಳನ್ನು ಸಡಿಲ ಬಿಡಿ. ರೈಫಲ್ ಇದ್ದಲ್ಲೇ ಇದ್ದರೆ ಪಟ್ಟಿ ಕೆಲಸ ಮಾಡುತ್ತಿದೆ. ಕುಸಿದರೆ ಸಡಿಲ, ಒಂದು ತೂತು ಬಿಗಿ ಮಾಡಿ. ಬಟ್ ಪ್ಲೇಟನ್ನು ಹೆಗಲಿಗೆ ತರಲು ಒದ್ದಾಡಬೇಕಾದರೆ ಬಿಗಿ ಜಾಸ್ತಿಯಾಗಿದೆ.

ಕೋಚ್ ಅಥವಾ ಗೆಳೆಯರನ್ನು ಪಕ್ಕದಿಂದ ನೋಡಲು ಹೇಳಿ. ಪ್ರೋನ್‌ನಲ್ಲಿ ಎಡ ಮುಂಗೈ ನೆಲದಿಂದ ಕನಿಷ್ಠ 30 ಡಿಗ್ರಿ ಮೇಲಿರಬೇಕು. ಹ್ಯಾಂಡ್ ಸ್ಟಾಪನ್ನು ತುಂಬಾ ಮುಂದೆ ಸರಿಸಿ ಪಟ್ಟಿಯನ್ನೂ ಉದ್ದ ಬಿಟ್ಟರೆ ಮುಂಗೈ ಇದಕ್ಕಿಂತ ಕೆಳಗೆ ಹೋಗುತ್ತದೆ.

ಆಮೇಲೆ ಕಣ್ಣು ಮುಚ್ಚಿ, ಎರಡು ಮೂರು ಉಸಿರು ಬಿಟ್ಟು, ಕಣ್ಣು ತೆರೆಯಿರಿ. ಸೈಟ್ ಎಲ್ಲಿದೆ ಎಂಬುದರ ಜೊತೆಗೆ ಅದು ಬಡಿತಕ್ಕೆ ಕುಣಿಯುತ್ತಿದೆಯಾ ಎಂದೂ ನೋಡಿ. ಕುಣಿಯುತ್ತಿದ್ದರೆ ಪಟ್ಟಿಯನ್ನು ರಟ್ಟೆಯ ಮೇಲೆ ಒಂದಿಷ್ಟು ಮೇಲಕ್ಕೆ ಸರಿಸಿ, ಇಲ್ಲವೇ ಹೊರಕ್ಕೆ ತಿರುಗಿಸಿ ನೋಡಿ. ಎಲ್ಲಿಟ್ಟರೂ ನಿಲ್ಲದಿದ್ದರೆ ಆ ಸ್ಲಿಂಗ್ ನಿಮ್ಮ ರಟ್ಟೆಗಲ್ಲ. ಇನ್ನೊಬ್ಬರಿಗೆ ಅದೇ ಸರಿಹೋಗಬಹುದು.

ಕೊನೆಗೆ ಹಾಗೇ ಇಪ್ಪತ್ತು ನಿಮಿಷ ಇದ್ದು ಡ್ರೈ ಫೈರ್ ಮಾಡಿ, ಅಂದರೆ ಗುಂಡಿಲ್ಲದೆ ಗುರಿಯಿಟ್ಟು ಟ್ರಿಗರ್ ಒತ್ತಿ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಎರಡು ನಿಮಿಷಕ್ಕೆ ಎಲ್ಲ ಸ್ಲಿಂಗೂ ಒಳ್ಳೆಯದೇ. 60 ಗುಂಡಿನ ಪ್ರೋನ್ ಪಂದ್ಯ 50 ನಿಮಿಷದ್ದು. ಸ್ವಲ್ಪ ಭಾರ ಅನ್ನಿಸುವುದು ಸಹಜ. ಬೆರಳು ಜೋಮು ಹಿಡಿದರೆ, ಬಣ್ಣ ಬದಲಾದರೆ ತಕ್ಷಣ ಬಿಚ್ಚಿ. ಅಭ್ಯಾಸವಾಗುತ್ತದೆ ಎಂದು ಯಾರಾದರೂ ಹೇಳಿದರೂ ಸಹಿಸಿಕೊಂಡು ಕೂರಬೇಡಿ, ಅದರಲ್ಲೂ ಬೆಳೆಯುವ ಮಕ್ಕಳು. ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಅಳತೆ ಮತ್ತೆ ನೋಡಬೇಕು.

ಹಳೆಯದು ಸಿಕ್ಕರೆ

ಸೀನಿಯರ್ ಶೂಟರ್‌ಗಳ ಹಳೆಯ ಸ್ಲಿಂಗ್ ಕಡಿಮೆ ಬೆಲೆಗೆ ಸಿಗುತ್ತದೆ. ತಪ್ಪೇನಿಲ್ಲ, ನೋಡಿ ಕೊಳ್ಳಿ. ತೂತುಗಳು ದುಂಡಗೇ ಇವೆಯಾ, ಎಳೆದು ಎಳೆದು ಉದ್ದವಾಗಿವೆಯಾ? ಬಕಲ್ ಬಳಿ ಹೊಲಿಗೆ ಬಿಟ್ಟಿದೆಯಾ? ಮಡಿಚಿದಲ್ಲಿ ಬಿರುಕು? ಒಳಗಿನ ರಬ್ಬರ್ ಸವೆದು ನುಣುಪಾಗಿದೆಯಾ? ಇವುಗಳಲ್ಲಿ ಒಂದಿದ್ದರೂ ನಾನಾದರೆ ಬಿಡುತ್ತೇನೆ.

ತಂದ ಮೇಲೆ ಮೊದಲ ದಿನವೇ ಪಟ್ಟಿಯ ಪೂರ್ತಿ ಉದ್ದ ಅಳೆದು, ತಾರೀಖು ಹಾಕಿ ಡೈರಿಯಲ್ಲಿ ಬರೆದಿಡಿ. ಪ್ರತಿ ಸಲ ಅಭ್ಯಾಸವಾದ ಮೇಲೆ ಬೆವರು ಒರೆಸಿ, ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಕಾದ ಕಾರಿನೊಳಗೆ ಬಿಟ್ಟು ಹೋಗಬೇಡಿ. ಎರಡು ತಿಂಗಳ ನಂತರ ಮತ್ತೆ ಅಳೆಯಿರಿ. ಉದ್ದ ಬದಲಾಗಿದ್ದರೆ ತೂತಿನ ನಂಬರನ್ನು ಹೊಸದಾಗಿ ಹುಡುಕಬೇಕು, ಸೈಟ್ ಮುಟ್ಟುವುದು ಅದಾದ ಮೇಲೆ.