ಅಜ್ಜಿ, ಮೊದಲು ಆ ದಾನಪತ್ರ ತೋರಿಸಿ

ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ತಿಪಟೂರು ಕಡೆಯವನು. ಪಿಂಚಣಿ ಶುರುವಾದ ಮೇಲೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರೆಕಾನೂನು ಸ್ವಯಂಸೇವಕನಾಗಿ ಸೇರಿಕೊಂಡೆ. ನಾನು ವಕೀಲನಲ್ಲ, ವಾದ ಮಾಡುವ ಅಧಿಕಾರವೂ ಇಲ್ಲ. ವಯಸ್ಸಾದವರ ಮಾತು ಕೇಳುವುದು, ಕಾಗದ ಜೋಡಿಸುವುದು, ಅರ್ಜಿ ಬರೆದುಕೊಡುವುದು, ಉಪವಿಭಾಗಾಧಿಕಾರಿಗಳ (ಎ.ಸಿ.) ಆಫೀಸಿಗೆ ಜೊತೆಗೆ ಹೋಗುವುದು. ಇಷ್ಟೇ ಕೆಲಸ.

ನಮ್ಮ ಕಡೆ ಹಿರಿಯರ ಗೋಳು ಅಂದರೆ ಬಹುಪಾಲು ತೆಂಗಿನ ತೋಟದ ಗೋಳು. ಕೊಬ್ಬರಿ ರೇಟು ಏರಿದರೆ ಮಕ್ಕಳಿಗೆ ತೋಟದ ಮೇಲೆ ಪ್ರೀತಿ ಏರುತ್ತದೆ, ತೋಟ ಬರೆದುಕೊಟ್ಟವರ ಮೇಲೆ ಅಲ್ಲ. 'ನೋಡ್ಕೋತೀನಿ ಅಂತ ಬರೆಸ್ಕೊಂಡ, ಈಗ ಊಟಕ್ಕೂ ಕರೆಯಲ್ಲ' ಅನ್ನುವ ಮಾತನ್ನು ಎಷ್ಟೋ ಬಾಯಲ್ಲಿ ಕೇಳಿದ್ದೇನೆ. ಕೇಳಿದರೆ ಹೊಟ್ಟೆ ಉರಿಯುತ್ತದೆ. ಆದರೂ ನಾನು ಮೊದಲು ಕೇಳುವುದು ಕಥೆಯನ್ನಲ್ಲ, ಕಾಗದವನ್ನು. ಮುಂದಿನ ದಾರಿ ಯಾವುದು ಅಂತ ಹೇಳುವುದು ಅದೇ.

ಕಾಗದದಲ್ಲಿ ಮೊದಲು ನೋಡುವುದು ಅದು ಏನು ಅನ್ನುವುದನ್ನು. ವಿಲ್ ಆಗಿದ್ದರೆ ಏನೂ ಕೈಬಿಟ್ಟಿಲ್ಲ. ಬದುಕಿರುವ ತನಕ ಆಸ್ತಿ ಬರೆದವರದೇ, ಬೇಡ ಅನಿಸಿದರೆ ಬೇರೆ ವಿಲ್ ಬರೆದರಾಯಿತು. ಎಷ್ಟೋ ಜನಕ್ಕೆ ತಾವು ಬರೆದದ್ದು ವಿಲ್ಲೋ ದಾನಪತ್ರವೋ ಅನ್ನುವುದೇ ಗೊತ್ತಿರುವುದಿಲ್ಲ. 'ಬರ್ಕೊಟ್ಬಿಟ್ಟೆ' ಅನ್ನುತ್ತಾರೆ, ಅಷ್ಟೇ. ದಾನಪತ್ರವೋ ಹಕ್ಕು ಬಿಡುಗಡೆ ಪತ್ರವೋ ಆಗಿದ್ದರೆ ಆಗ ತಾರೀಖು ನೋಡುತ್ತೇನೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಆಗಿದ್ದು 2007ರಲ್ಲಿ. ಕರ್ನಾಟಕದಲ್ಲಿ ಜಾರಿಗೆ ಬಂದದ್ದು 2008ರ ಏಪ್ರಿಲ್ 1ಕ್ಕೆ. ಅದಕ್ಕಿಂತ ಹಿಂದೆ ಬರೆದುಕೊಟ್ಟ ಆಸ್ತಿಗೆ ಅದರ 23ನೇ ಸೆಕ್ಷನ್ ತಾಗುವುದಿಲ್ಲ.

ಈ 23ನೇ ಸೆಕ್ಷನ್ನೇ ಎಲ್ಲರೂ ಕೇಳಿಕೊಂಡು ಬರುವುದು. ಹಿರಿಯರು 'ನನ್ನನ್ನು ನೋಡಿಕೊಳ್ಳಬೇಕು' ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ತೆಗೆದುಕೊಂಡವರು ನೋಡಿಕೊಳ್ಳದೇ ಹೋದರೆ ಆ ಪತ್ರವನ್ನು ಮೋಸದಿಂದಲೋ ಒತ್ತಾಯದಿಂದಲೋ ಮಾಡಿಸಿಕೊಂಡದ್ದು ಅಂತ ಲೆಕ್ಕ ಹಾಕಿ ಈ ಕಾಯ್ದೆಯ ಕೆಳಗಿನ ನ್ಯಾಯಮಂಡಳಿ ರದ್ದು ಮಾಡಬಹುದು. ಆ ಷರತ್ತು ಪತ್ರದಲ್ಲಿ ಇದೆಯೇ? ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಓದುತ್ತೇನೆ. ಹೆಚ್ಚಿನ ದಾನಪತ್ರಗಳಲ್ಲಿ 'ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ' ಅಂತ ಇರುತ್ತದೆ. ಪತ್ರ ಬರೆಯುವವರು ಹಳೇ ನಮೂನೆಯಿಂದ ಇಳಿಸಿದ ಸಾಲು ಅದು. ಆ ಪ್ರೀತಿ ಕೇಸಿಗೆ ಉಪಯೋಗಕ್ಕೆ ಬರುವುದಿಲ್ಲ. ಷರತ್ತು ಇಲ್ಲದಿದ್ದರೆ ಪತ್ರ ರದ್ದಾಗದು ಅಂತ ಸುಪ್ರೀಂ ಕೋರ್ಟು 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಕೇಸಿನಲ್ಲಿ ಹೇಳಿಬಿಟ್ಟಿದೆ. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಕೇಸಿನಲ್ಲಿ ಅದೇ ಕೋರ್ಟು ಸ್ವಲ್ಪ ಉಸಿರಾಡಲು ಜಾಗ ಕೊಟ್ಟಿತು. ಅಲ್ಲಿ ತಾಯಿ ದಾನಪತ್ರ ಮಾಡಿಕೊಟ್ಟ ದಿನವೇ ಮಗ ಬೇರೆ ಕಾಗದದಲ್ಲಿ ನೋಡಿಕೊಳ್ಳುತ್ತೇನೆ ಅಂತ ಮಾತು ಬರೆದುಕೊಟ್ಟಿದ್ದನಂತೆ. ಹಿರಿಯರ ಹಿತಕ್ಕೆ ಮಾಡಿದ ಕಾನೂನನ್ನು ಧಾರಾಳವಾಗಿ ಓದಬೇಕು ಅಂದು ಕೋರ್ಟು ದಾನಪತ್ರ ರದ್ದು ಮಾಡಿತು.

ಅದಾದ ಮೇಲೆ ನಾನು ಇನ್ನೊಂದು ಪ್ರಶ್ನೆ ಸೇರಿಸಿಕೊಂಡೆ. ರಿಜಿಸ್ಟರ್ ಮಾಡಿಸಿದ ಆಸುಪಾಸಿನಲ್ಲಿ ಬೇರೆ ಏನಾದರೂ ಬರೆದಿದ್ದೀರಾ? ಪಕ್ಕದ ಹಳ್ಳಿಯ ಒಬ್ಬರು ಅಜ್ಜಿ ಇದಕ್ಕೆ 'ಏನೂ ಇಲ್ಲಪ್ಪ' ಅಂದರು. ಟ್ರಂಕಿನಲ್ಲಿರುವ ಕಾಗದವನ್ನೆಲ್ಲ ತನ್ನಿ ಅಂದೆ. ಹಾಲಿನ ಡೇರಿ ಪಾಸ್ ಬುಕ್, ಕಂದಾಯ ರಸೀದಿ, ಮದುವೆ ಲಗ್ನಪತ್ರಿಕೆ, ಅದರ ನಡುವೆ ಮಡಚಿಟ್ಟ ಒಂದು ಛಾಪಾ ಕಾಗದ. ದಾನಪತ್ರ ಆದ ವಾರದಲ್ಲೇ ಊರ ಹಿರಿಯರ ಮುಂದೆ ಮಗ ಸಹಿ ಹಾಕಿದ್ದು. ಸಾಯುವ ತನಕ ಅಮ್ಮನಿಗೆ ಊಟ, ಬಟ್ಟೆ, ಆಸ್ಪತ್ರೆ ಖರ್ಚು ಕೊಡುತ್ತೇನೆ ಅಂತ. ಓದಲು ಬಾರದ ಆಕೆಗೆ ಅದು ಏನೆಂದೇ ಗೊತ್ತಿರಲಿಲ್ಲ. ಅದನ್ನು ದಾನಪತ್ರದ ಹಿಂದೆಯೇ ಲಗತ್ತಿಸಿದೆ.

ಅರ್ಜಿ ಬರೆಯುವ ಮೊದಲು ಇನ್ನೊಂದು ಕೆಲಸ ಇದೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಹಿರಿಯರನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸುವುದು. ಜೊತೆಗೆ ಬಂದವರು ಸಾಮಾನ್ಯವಾಗಿ ಇನ್ನೊಬ್ಬ ಮಗನೋ ಅಳಿಯನೋ ಆಗಿರುತ್ತಾರೆ. ಅವರನ್ನು ಟೀ ಕುಡಿದು ಬನ್ನಿ ಅಂತ ಕಳಿಸುತ್ತೇನೆ. ಅಣ್ಣತಮ್ಮಂದಿರ ಪಾಲಿನ ಜಗಳಕ್ಕೆ ಅಮ್ಮನ ಹೆಬ್ಬೆಟ್ಟು ಬಳಸಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಒಬ್ಬರೇ ಇದ್ದಾಗ ಕೇಳುತ್ತೇನೆ: ನಿಮಗೆ ತೋಟ ವಾಪಸ್ ಬೇಕಾ, ತಿಂಗಳಿಗೆ ದುಡ್ಡು ಬೇಕಾ, ಇಲ್ಲಾ ಮನೆಯಲ್ಲಿ ಒಂದು ಕೋಣೆ ಮತ್ತು ನೆಮ್ಮದಿ ಬೇಕಾ? ಮೂರಕ್ಕೂ ಅರ್ಜಿ ಬೇರೆ ಬೇರೆ ತರ ಬರೆಯಬೇಕು. ಮೇಲೆ ಹೇಳಿದ ಅಜ್ಜಿಗೆ ತೋಟ ಬೇಡವಾಗಿತ್ತು. 'ನಾನು ಹತ್ತಿ ಕೀಳ್ತೀನಾ ಕಾಯಿನ?' ಅಂದರು. ಮಾತ್ರೆಗೆ ಸೊಸೆ ಹತ್ತಿರ ಕೈಚಾಚಬಾರದು ಅನ್ನುವುದಷ್ಟೇ ಆಕೆಗೆ ಬೇಕಿದ್ದದ್ದು.

ಅಂದಹಾಗೆ, ಸೊಸೆ ಮೇಲೆ ಅರ್ಜಿ ಹಾಕಿ ಅಂತ ಬರುವವರೇ ಜಾಸ್ತಿ. ಈ ಕಾಯ್ದೆಯಲ್ಲಿ ಮಕ್ಕಳು ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ, ಅಳಿಯ ಅದರಲ್ಲಿಲ್ಲ. ಮನೆಯಿಂದ ಸೊಸೆಯನ್ನು ಹೊರಗೆ ಹಾಕಿಸಿ ಅನ್ನುವವರಿಗೆ ಬೆಂಗಳೂರಿನ ಎಸ್. ವನಿತಾ ಕೇಸು ಹೇಳುತ್ತೇನೆ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಸೊಸೆಗೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿರುವ ವಾಸದ ಹಕ್ಕನ್ನು ಹಿರಿಯರ ಕಾಯ್ದೆ ತೋರಿಸಿ ಸುಮ್ನೆ ತಳ್ಳಿಹಾಕಲು ಬರುವುದಿಲ್ಲ ಅಂದಿತು. ಈ ಕಾನೂನನ್ನು ಸೊಸೆಯ ಮೇಲೆ ಬೀಸುವ ದೊಣ್ಣೆ ಮಾಡಿಕೊಳ್ಳುವವರಿಗೆ ನಾನು ಅರ್ಜಿ ಬರೆದುಕೊಡುವುದಿಲ್ಲ.

ಜೀವನಾಂಶದ ಅರ್ಜಿಯಲ್ಲಿ ಎಲ್ಲ ಮಕ್ಕಳ ಹೆಸರೂ ಹಾಕುತ್ತೇನೆ. 'ಮಗಳ ಹೆಸರು ಬೇಡ, ಕೊಟ್ಟ ಹೆಣ್ಣು' ಅನ್ನುತ್ತಾರೆ ತಾಯಂದಿರು. ಕಾನೂನಿಗೆ ಆ ಭೇದವಿಲ್ಲ. ನಾವು ಬಿಟ್ಟರೆ ಮಗನೇ ಅವಳನ್ನು ಕೇಸಿಗೆ ಎಳೆಯಬಹುದು. ಇದನ್ನು ಹೇಳಿ, ತೀರ್ಮಾನ ತಾಯಿಗೇ ಬಿಡುತ್ತೇನೆ. ವಯಸ್ಸಿನದೂ ಒಂದು ಗೊಂದಲ ಇದೆ. ಆಧಾರ್‌ನಲ್ಲಿ 58 ಅಂತ ಇದ್ದರೂ ತಾಯಿ ಜೀವನಾಂಶ ಕೇಳಬಹುದು, ತಂದೆ ತಾಯಿಗೆ ವಯಸ್ಸಿನ ಮಿತಿ ಇಲ್ಲ. ಆದರೆ 23ನೇ ಸೆಕ್ಷನ್ನಿಗೆ 60 ತುಂಬಿರಬೇಕು. ಮಕ್ಕಳಿಲ್ಲದವರು ತಮ್ಮ ಆಸ್ತಿ ಅನುಭವಿಸುತ್ತಿರುವ, ಇಲ್ಲವೇ ಮುಂದೆ ಅದಕ್ಕೆ ವಾರಸುದಾರರಾಗುವ ಬಂಧುವಿನ ಮೇಲೂ ಅರ್ಜಿ ಹಾಕಬಹುದು.

ಅರ್ಜಿಯ ಭಾಷೆ ಸರಳವಾಗಿರಬೇಕು. ಸಿನಿಮಾ ಡೈಲಾಗು ಬೇಡ. ಯಾರು, ಎಷ್ಟು ಮಕ್ಕಳು, ಏನು ಆಸ್ತಿ ಯಾವಾಗ ಕೊಟ್ಟದ್ದು, ಯಾವತ್ತಿನಿಂದ ನೋಡಿಕೊಳ್ಳುತ್ತಿಲ್ಲ. ಆಮೇಲೆ ತಿಂಗಳ ಖರ್ಚಿನ ಪಟ್ಟಿ. ನಾನು ಜಾಸ್ತಿ ಹೊತ್ತು ಕೂರುವುದು ಈ ಪಟ್ಟಿಗೆ. ಬಿಪಿ, ಶುಗರ್ ಮಾತ್ರೆ ಚೀಟಿ, ದಿನಸಿ, ಹಾಲು, ಆಸ್ಪತ್ರೆಗೆ ಹೋಗುವ ಆಟೋ, ಕನ್ನಡಕ. ಮೆಡಿಕಲ್ ಸ್ಟೋರ್ ಬಿಲ್ಲು ಇಟ್ಟಿರುವುದಿಲ್ಲ, ಕೇಳಿ ತರಿಸುತ್ತೇನೆ. 'ಹತ್ತು ಸಾವಿರ ಕೊಡಿಸಿ' ಅಂತ ಬರೀ ಬಾಯಲ್ಲಿ ಕೇಳುವವರಿಗಿಂತ, ನಾಲ್ಕು ಸಾವಿರದ ಲೆಕ್ಕ ತೋರಿಸುವವರ ಮಾತಿಗೆ ಬೆಲೆ ಜಾಸ್ತಿ. ಹತ್ತು ಸಾವಿರ ಅನ್ನುವುದು ಕಾಯ್ದೆಯಲ್ಲಿರುವ ಗರಿಷ್ಠ ಮಿತಿ. ತೀರ್ಪು ಬರುವ ತನಕ ಮಧ್ಯಂತರ ಜೀವನಾಂಶ ಕೊಡಿಸಿ ಅಂತ ಒಂದು ಸಾಲು ಸೇರಿಸುವುದನ್ನು ಬಿಡುವುದಿಲ್ಲ. ಕೊನೆಗೆ ಇಡೀ ಅರ್ಜಿಯನ್ನು ಜೋರಾಗಿ ಓದಿ ಹೇಳಿ, ಆಮೇಲೆ ಸಹಿಯೋ ಹೆಬ್ಬೆಟ್ಟೋ ಹಾಕಿಸುತ್ತೇನೆ.

ಕರ್ನಾಟಕದಲ್ಲಿ ಈ ನ್ಯಾಯಮಂಡಳಿ ನಡೆಸುವವರು ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಹಿರಿಯರು ಇರುವ ಕಡೆಯಾಗಲಿ, ಮಕ್ಕಳು ಇರುವ ಕಡೆಯಾಗಲಿ ಹಾಕಬಹುದು. ಮಗ ಬೆಂಗಳೂರಲ್ಲಿದ್ದಾನೆ ಅಂತ ಮುದುಕರು ಮೆಜೆಸ್ಟಿಕ್‌ಗೆ ಬಸ್ಸು ಹತ್ತಬೇಕಿಲ್ಲ. ವಕೀಲರು ಬೇಡ ಅನ್ನುವುದು ಕಾಯ್ದೆಯ 17ನೇ ಸೆಕ್ಷನ್ನು. ಅದು ವಕೀಲರನ್ನು ತಡೆಯಲಾರದು ಅಂತ ಕೇರಳ ಹೈಕೋರ್ಟು 2021ರಲ್ಲಿ ಹೇಳಿದ್ದುಂಟು. ನನ್ನ ಅನುಭವದಲ್ಲಿ ಸರಳ ಕೇಸಿಗೆ ವಕೀಲರ ಅಗತ್ಯ ಬೀಳುವುದಿಲ್ಲ. ಸಿವಿಲ್ ಕೋರ್ಟಿಗೆ ಹೋಗಲೇಬೇಕಾದರೆ ಉಚಿತ ವಕೀಲರಿಗೆ ಸಮಿತಿಗೇ ಅರ್ಜಿ ಕೊಡುತ್ತೇವೆ. ಹೆಂಗಸರಾದರೆ ಆದಾಯ ಎಷ್ಟೇ ಇದ್ದರೂ ಆ ನೆರವು ಸಿಗುತ್ತದೆ.

ನೋಟಿಸು ಹೋದ ಮೇಲೆ ಸಂಧಾನಕ್ಕೆ ಕಳಿಸಬಹುದು. ಅದಕ್ಕೆ ಒಂದು ತಿಂಗಳು. ನನಗೆ ಸಂಧಾನದ ಮೇಲೆ ನಂಬಿಕೆ ಇದೆ, ಆದರೆ ಅಲ್ಲಿ ಬರೆಯುವ ಭಾಷೆಯ ಮೇಲೆ ಇಲ್ಲ. 'ಇನ್ನು ಮುಂದೆ ಚೆನ್ನಾಗಿ ನೋಡಿಕೊಳ್ಳುವುದಾಗಿ ಒಪ್ಪಿದ್ದಾರೆ' ಅಂತ ಬರೆದು ಎಲ್ಲರೂ ಕಾಫಿ ಕುಡಿದು ಹೋಗುತ್ತಾರೆ. ಚೆನ್ನಾಗಿ ಅಂದರೆ ಎಷ್ಟು, ಯಾವಾಗ? ಅಜ್ಜಿಯ ಕೇಸಿನಲ್ಲಿ ಹೀಗೆ ಬರೆಸಿದೆವು: ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಇಷ್ಟು ಹಣ ಅಮ್ಮನ ಬ್ಯಾಂಕ್ ಖಾತೆಗೆ, ಆಸ್ಪತ್ರೆ ಖರ್ಚು ಬೇರೆ, ಮುಂದಿನ ಕೋಣೆ ಮತ್ತು ಅದರ ಬೀಗದ ಕೈ ಅಮ್ಮನ ವಶ. ಕೈಗೆ ಕೊಡುತ್ತೇನೆ ಅಂದ ಮಗ. ಬೇಡ, ಖಾತೆಗೇ ಹಾಕಪ್ಪ ಅಂದೆ. ಕೈಗೆ ಕೊಟ್ಟದ್ದಕ್ಕೆ ಸಾಕ್ಷಿ ಯಾರು?

ಸಂಧಾನ ಆಗದಿದ್ದರೆ ನೋಟಿಸು ತಲುಪಿದ 90 ದಿನದಲ್ಲಿ ಆದೇಶ ಆಗಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಎಷ್ಟೋ ಕಡೆ ಜಾಸ್ತಿ ಹಿಡಿಯುತ್ತದೆ. ವಾಯಿದೆ ತಪ್ಪಿಸದೆ ಹೋಗುವುದೊಂದೇ ನಮ್ಮ ಕೈಲಿರುವುದು. ಒಪ್ಪಿಗೆಯಾಗದ ಆದೇಶದ ಮೇಲೆ 60 ದಿನದೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ.

ಆದೇಶ ಸಿಕ್ಕ ಮೇಲೆ ಜನ ಮರೆಯುವುದು ಎರಡು. ಪತ್ರ ರದ್ದಾದರೆ ಪಹಣಿ ತಾನಾಗಿ ಬದಲಾಗುವುದಿಲ್ಲ. ಆದೇಶದ ದೃಢೀಕೃತ ನಕಲು ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೂ ತಾಲ್ಲೂಕು ಕಚೇರಿಗೂ ಅರ್ಜಿ ಕೊಡಬೇಕು, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಬೇಕು. ಎರಡನೆಯದು ಇನ್ನೂ ಮುಖ್ಯ. ಜೀವನಾಂಶ ನಿಂತರೆ ವಾರಂಟ್ ಹೊರಡಿಸಿ ಅಂತ ಕೇಳಬಹುದು, ಕಟ್ಟದಿದ್ದರೆ ಒಂದು ತಿಂಗಳ ತನಕ ಜೈಲೂ ಇದೆ. ಆದರೆ ಬಾಕಿ ಬಿದ್ದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಮಗನ ಮಾನ ಹೋಗುತ್ತದೆ ಅಂತ ವರ್ಷಗಟ್ಟಲೆ ಸುಮ್ಮನಿದ್ದು, ಆಮೇಲೆ ಬರುವವರಿಗೆ ಹಳೇ ತಿಂಗಳ ದುಡ್ಡು ಕೊಡಿಸುವುದು ಕಷ್ಟ. ಅದಕ್ಕೇ ನನ್ನ ಹತ್ತಿರ ಬಂದವರ ಪಾಸ್ ಬುಕ್ಕನ್ನು ಆಗಾಗ ಕೇಳಿ ನೋಡುತ್ತಿರುತ್ತೇನೆ.

ಕಾನೂನಿಗಿಂತ ಮೊದಲು ಬೇಕಾಗುವ ಸಹಾಯವೂ ಇದೆ. 14567 ಹಿರಿಯರ ರಾಷ್ಟ್ರೀಯ ಸಹಾಯವಾಣಿ. ಬೆಳಗ್ಗೆ 8ರಿಂದ ರಾತ್ರಿ 8ರ ತನಕ, ದುಡ್ಡಿಲ್ಲದೆ ಮಾತಾಡಬಹುದು. ಕಾನೂನು ಸೇವೆಗೆ 15100. ಬೆಂಗಳೂರಲ್ಲಿ ಪೊಲೀಸರೊಂದಿಗೆ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಡೆಸುವ 1090 ಇದೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿದವರು ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಯಾರು ಅಂತಲೂ ಕೇಳುತ್ತೇನೆ. ಗೃಹಲಕ್ಷ್ಮಿ ಹಣ ಬಂದ ಮೇಲೆ ಅತ್ತೆ ಸೊಸೆ ಜಗಳ ಎಷ್ಟೋ ಮನೆಗಳಲ್ಲಿ ಅಲ್ಲಿಂದಲೇ ಶುರುವಾಗಿದೆ. ಅದು ಕೋರ್ಟು ಕಚೇರಿಯ ಮಾತೇ ಅಲ್ಲ, ಕೂತು ಬಗೆಹರಿಸುವಂಥದ್ದು.

ಇನ್ನೂ ಬರೆದುಕೊಡದೆ ಇರುವವರು ಬಂದರೆ ನನಗೆ ಖುಷಿ. ಮೊದಲ ಸಲಹೆ, ದಾನಪತ್ರ ಬೇಡ, ವಿಲ್ ಬರೆಯಿರಿ. ಇಬ್ಬರು ಸಾಕ್ಷಿ ಸಾಕು, ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ, ಮಾಡಿಸಿದರೆ ಒಳ್ಳೆಯದು. ಮಗನಿಗೆ ಬ್ಯಾಂಕ್ ಸಾಲಕ್ಕೆ ಈಗಲೇ ಹೆಸರು ಬೇಕು ಅನ್ನುವವರಿಗೆ ಒಂದು ಚೀಟಿಯಲ್ಲಿ ಬರೆದುಕೊಡುತ್ತೇನೆ, ಪತ್ರ ಬರೆಯುವವರಿಗೆ ಕೊಡಿ ಅಂತ: 'ದಾನ ಪಡೆದವರು ದಾನ ಕೊಟ್ಟವರಿಗೆ ಜೀವಮಾನವಿಡೀ ಊಟ, ಬಟ್ಟೆ, ವಸತಿ ಮತ್ತು ವೈದ್ಯಕೀಯ ಖರ್ಚು ಒದಗಿಸುವ ಷರತ್ತಿನ ಮೇಲೆ ಈ ದಾನ ಮಾಡಲಾಗಿದೆ. ತಪ್ಪಿದಲ್ಲಿ ದಾನಪತ್ರ ರದ್ದುಪಡಿಸಿಕೊಳ್ಳುವ ಹಕ್ಕು ಕೊಟ್ಟವರಿಗಿರುತ್ತದೆ.' 'ಮಗನ ಮೇಲೆ ನಂಬಿಕೆ ಇಲ್ವಾ ಅಂತಾರೆ ಸಾರ್' ಅಂತ ಕೆಲವರು ಆ ಚೀಟಿಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಮಗ ಸಾಲ ಕೇಳಿದ ಬ್ಯಾಂಕಿನವರು ಅವನಿಂದ ಎಷ್ಟು ಸಹಿ ಹಾಕಿಸಿಕೊಂಡರು ಅಂತ ಕೇಳಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಅನ್ನುತ್ತೇನೆ.