ಆರು ಬಣ್ಣದ ಜಡೆ ಹೆಣೆಯೋದು ಹೇಗೆ

ಜಡೆ ಕೋಲಾಟ ನಾನು ಕಲಿತದ್ದು ಗೋಕಾಕದ ಹತ್ತಿರ, ನಮ್ಮೂರ ಶಾಲೆಯ ಅಂಗಳದಲ್ಲಿ. ಕಂಬದ ತುದಿಗೆ ಕಟ್ಟಿದ ಬಣ್ಣದ ಹಗ್ಗ ಒಬ್ಬೊಬ್ಬರು ಒಂದೊಂದು ಹಿಡಿದು, ಕೋಲು ಬಡಿಯುತ್ತಾ ಸುತ್ತಿ ಜಡೆ ಹೆಣೆಯುವ ಕುಣಿತ ಅದು. ಈಗ ಇರುವುದು ಪುಣೆಯ ಕೊಥ್ರೂಡ್‌ನಲ್ಲಿ. ಈ ಊರಲ್ಲಿ ಮೊದಲ ಪ್ರೈಡ್ ಮೆರವಣಿಗೆ, ಅಂದರೆ ನಮ್ಮಂಥ ಲೈಂಗಿಕ ಅಲ್ಪಸಂಖ್ಯಾತರ ಹೆಮ್ಮೆಯ ಮೆರವಣಿಗೆ, ನಡೆದದ್ದು 2011ರಲ್ಲಿ. ನಾನೂ ನನ್ನ ಸಂಗಾತಿಯೂ ಜೂನ್ ಬಂತೆಂದರೆ ಕಾಯುತ್ತಿರುತ್ತೇವೆ. ಅಲ್ಲಿ ನಮ್ಮ ಕಡೆಯ ಕುಣಿತವೂ ಇರಲಿ ಅಂತ ಕನ್ನಡದವರು ಹನ್ನೆರಡು ಜನ ಸೇರಿಕೊಂಡೆವು.

ಜೋಗತಿ ಕುಣಿತ ಮಾಡೋಣ ಅಂತ ಒಬ್ಬರು ಹೇಳಿದರು. ನಾನು ಬೇಡ ಅಂದೆ. ಈ ಕುಣಿತದ ಕಲಾವಿದೆ, ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿ ಅವರಿಗೆ 2021ರ ಪದ್ಮಶ್ರೀ ಬಂದಾಗ ನಾವೆಲ್ಲ ಕಣ್ಣೀರು ಹಾಕಿದವರೇ. ಆದರೆ ಅದು ಎಲ್ಲಮ್ಮನ ಹರಕೆಯ ಜೊತೆ ಬೆಳೆದ ಕುಣಿತ, ಗುರುವಿನ ಹತ್ತಿರ ವರ್ಷಗಟ್ಟಲೆ ಕಲಿಯುವಂಥದ್ದು. ಎರಡು ವಾರದ ತಾಲೀಮಿನಲ್ಲಿ ತಲೆ ಮೇಲೆ ಕೊಡ ಹೊರುವುದು ಸರಿಯಲ್ಲ. ಕೋಲಾಟಕ್ಕಾದರೆ ಯಾರು ಬೇಕಾದರೂ ಇಳಿಯಬಹುದು.

ಪ್ರೈಡ್ ಬಾವುಟಕ್ಕೆ ಆರು ಬಣ್ಣ: ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ಹನ್ನೆರಡು ಜನ ಅಂದರೆ ಬಣ್ಣಕ್ಕೆ ಇಬ್ಬರು, ಲೆಕ್ಕ ಸರಿಹೋಗುತ್ತದೆ. ಹತ್ತು ಅಡಿ ಬಿದಿರು ಸಾಕು. ಹಗ್ಗ ಕಂಬದ ಒಂದೂವರೆ ಪಟ್ಟು ಇರಲಿ, ಅಂದರೆ ಹದಿನೈದು ಅಡಿ. ಸ್ಯಾಟಿನ್ ರಿಬ್ಬನ್ ನೋಡಲು ಚೆಂದ, ಬೆವರಿದ ಕೈಯಲ್ಲಿ ಜಾರುತ್ತದೆ. ಹತ್ತಿ ಬಟ್ಟೆಯ ಪಟ್ಟಿಯೇ ಒಳ್ಳೆಯದು. ಮೊದಲೇ ಒಂದು ಸಲ ಒಗೆದುಬಿಡಿ. ನಮ್ಮ ನೇರಳೆ ಬಣ್ಣ ಮಳೆಗೆ ಬಿಟ್ಟು ಒಬ್ಬರ ಬಿಳಿ ಕುರ್ತಾ ಹಾಳಾಯಿತು. ಕೋಲು ತುಳಶೀಬಾಗ್‌ನಲ್ಲಿ ಸಿಗುವ ದಾಂಡಿಯಾ ಕೋಲೇ ಆಗುತ್ತದೆ. ಮೇಲಿನ ಜರಿ ಕಿತ್ತು, ಉಪ್ಪುಕಾಗದ ಹಾಕಿ ಉಜ್ಜಿ. ಬಯಲಲ್ಲಿ ಕಂಬ ಹೂಳಲು ಬಿಡುವುದಿಲ್ಲ ಅಲ್ವಾ, ಅದಕ್ಕೆ ಹಳೇ ಪೇಂಟ್ ಡಬ್ಬಿಯಲ್ಲಿ ಕಂಬ ನಿಲ್ಲಿಸಿ ಕಾಂಕ್ರೀಟ್ ತುಂಬಿ. ಆದರೂ ಬುಡ ಹಿಡಿಯಲು ಬೇರೆ ಇಬ್ಬರು ಬೇಕೇ ಬೇಕು.

ಈಗ ಮುಖ್ಯವಾದ ಮಾತು. ಮೊದಲ ತಾಲೀಮಿನ ದಿನ, ಶಾಲೆಯಲ್ಲಿ ಕೇಳಿದ ಹಾಗೇ ನಾನು ಕೂಗಿದೆ, "ಹೆಂಗಸರು ಒಳಗೆ, ಗಂಡಸರು ಹೊರಗೆ!" ಎಲ್ಲರೂ ಸರಿದರು. ಸೊಲ್ಲಾಪುರದಿಂದ ಬಂದಿದ್ದ ಒಬ್ಬರು ಮಾತ್ರ ಕೋಲು ಕೆಳಗೆ ಮಾಡಿ ನಿಂತಲ್ಲೇ ನಿಂತರು. "ಅಕ್ಕಾ, ನಾ ಎಲ್ಲಿ ನಿಂದ್ರಲಿ?" ಅಂದರು. ಅಷ್ಟು ಮೆಲ್ಲಗೆ ಕೇಳಿದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ ಎರಡು ಗುಂಪಿಗೆ ಬೇವು, ಮಾವು ಅಂತ ಹೆಸರಿಟ್ಟೆವು. ಬೇವಿನವರ ಮುಂಗೈಗೆ ಹಸಿರು ದಾರ, ಮಾವಿನವರಿಗೆ ಹಳದಿ. ಯಾರಿಗೆ ಯಾವುದು ಬೇಕೋ ಅವರೇ ಕಟ್ಟಿಕೊಳ್ಳಲಿ. ಈಗ ನಮ್ಮಲ್ಲಿ ಎಣಿಕೆ ಕೂಗುವವರು ಆ ಸೊಲ್ಲಾಪುರದವರೇ.

ಒಬ್ಬರು ಬೇವು, ಪಕ್ಕದವರು ಮಾವು, ಹೀಗೆ ಸುತ್ತ ನಿಲ್ಲಿ. ಬೇವು ಒಂದು ದಿಕ್ಕಿಗೆ, ಮಾವು ಎದುರು ದಿಕ್ಕಿಗೆ. ಕಂಬದ ಕಡೆಯ ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕೋಲು. ಮೂರು ಎಣಿಕೆ ಹೆಜ್ಜೆ, ನಾಲ್ಕಕ್ಕೆ ಎದುರಿನವರ ಕೋಲಿಗೆ ಕೋಲು, ಆಮೇಲೆ ದಾಟುವುದು. ಮೊದಲ ಸಲ ಬೇವು ಹೊರಗಿನಿಂದ ಹೋದರೆ, ಮಾವು ಬಗ್ಗಿ ಅವರ ಹಗ್ಗದ ಕೆಳಗೆ ನುಸುಳಬೇಕು. ಮುಂದಿನವರು ಸಿಕ್ಕಾಗ ಅದಲು ಬದಲು. ಹೊರಗೆ, ಒಳಗೆ, ಹೊರಗೆ, ಒಳಗೆ. ಕಂಬದ ತುದಿಯಿಂದ ಜಡೆ ಇಳಿಯುತ್ತಾ ಬರುತ್ತದೆ. ಹಗ್ಗ ಸದಾ ಬಿಗಿಯಾಗಿರಲಿ, ಸಡಿಲ ಬಿಟ್ಟರೆ ಜಡೆ ಕೆಡುತ್ತದೆ. ಯಾರಾದರೂ ತಪ್ಪಿದರೆ ಓಡಿ ಸರಿಮಾಡಲು ಹೋಗಬೇಡಿ, ಎಲ್ಲರೂ ನಿಂತುಬಿಡಿ.

ಕೈಯಲ್ಲಿ ಮೂರು ಮೊಳ ಹಗ್ಗ ಉಳಿದಾಗ ನಿಲ್ಲಿಸಿ, ತಿರುಗಿ ನಿಂತು ಬಿಚ್ಚಲು ಶುರುಮಾಡಿ. ಎಲ್ಲರೂ ಎಡವುವುದು ಇಲ್ಲೇ. ಕೊನೆಗೆ ಹೊರಗಿನಿಂದ ದಾಟಿದವರು ವಾಪಸ್ ಬರುವಾಗಲೂ ಮೊದಲು ಹೊರಗಿನಿಂದಲೇ ಬರಬೇಕು. ಹೆಣೆಯುವುದಕ್ಕಿಂತ ಬಿಚ್ಚುವುದನ್ನೇ ಜಾಸ್ತಿ ತಾಲೀಮು ಮಾಡಿ.

ಬರಿಗಾಲು ಬೇಡ. ಮಳೆ ಹಿಡಿಯುವ ಮುಂಚೆ ಡಾಂಬರು ಸುಡುತ್ತದೆ, ಹಿಡಿದ ಮೇಲೆ ನೆಲ ಜಾರುತ್ತದೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಸೀರೆಯಾದರೆ ಕಚ್ಚೆ. ಒಂದು ಕ್ಯಾನ್ ಮಜ್ಜಿಗೆ ಜೊತೆಗಿರಲಿ.

ಮನೆಯಲ್ಲಿ ತಮ್ಮ ಬಗ್ಗೆ ಇನ್ನೂ ಹೇಳಿಕೊಳ್ಳದವರು ನಿಮ್ಮ ಗುಂಪಿನಲ್ಲೂ ಇರುತ್ತಾರೆ. ಫೋಟೋದಲ್ಲಿ ಬರಬಹುದಾ ಅಂತ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿ, ಎಲ್ಲರ ಎದುರು ಕೇಳಬೇಡಿ. ಪುಣೆಯ ಹುಡುಗಿಯರು ಸ್ಕೂಟರ್ ಮೇಲೆ ಹೋಗುವಾಗ ಕಣ್ಣಷ್ಟೇ ಕಾಣುವಂತೆ ಓಢಣಿ ಸುತ್ತುತ್ತಾರಲ್ಲ, ನಮ್ಮಲ್ಲಿ ಮೂವರು ಹಾಗೇ ಸುತ್ತಿಕೊಂಡು ಕುಣಿಯುತ್ತಾರೆ. ಆ ಮೂವರೇ ಎದ್ದು ಕಾಣದಿರಲಿ ಅಂತ ಕಳೆದ ಸಲ ಹನ್ನೆರಡೂ ಜನ ಸುತ್ತಿಕೊಂಡೆವು.

ಮನೆಗೆ ಬಂದ ಮೇಲೆ ಹಗ್ಗಗಳನ್ನು ನೆರಳಲ್ಲಿ ಒಣಗಿಸಿ, ಬಣ್ಣಕ್ಕೊಂದು ಉಂಡೆ ಸುತ್ತಿಡಿ. ನಮ್ಮವು ಅಕ್ಕಿ ಡಬ್ಬದ ಪಕ್ಕದಲ್ಲೇ ಇವೆ.